ರೈಲಿಲ್ಲದ ರೈಲ್ರೋಡ್ ಕಮಿಷನ್ (ಭಾಗ 3)

ಟೆಕ್ಸಾಸ್ ಎಲೆಕ್ಷನ್ ಅಂದ್ರೆ ಎಲ್ಲರ ಕಣ್ಣೂ ಗವರ್ನರ್ ಮೇಲೆ. ಅದೇ ಬ್ಯಾಲಟ್‌ನಲ್ಲಿ ಕೆಳಗೆ ನೋಡಿ: ರೈಲ್ರೋಡ್ ಕಮಿಷನರ್. ರೈಲಿನೋರು ಅನ್ಕೊಂಡ್ರಾ? 2005ರಿಂದ ಅವರಿಗೂ ರೈಲಿಗೂ ಸಂಬಂಧವೇ ಇಲ್ಲ! ಕೈಲಿರೋದು ತೈಲ, ಗ್ಯಾಸ್, ಪೈಪ್‌ಲೈನ್. ಮೂರೇ ಜನ, ಆರಾರು ವರ್ಷ ಅಧಿಕಾರ, ಆರಿಸೋದು ಇಡೀ ರಾಜ್ಯ. ಪ್ರಚಾರಕ್ಕೆ ದುಡ್ಡು? ಇವರು ಹದ್ದುಬಸ್ತಿನಲ್ಲಿಡಬೇಕಾದ ತೈಲ ಉದ್ಯಮದವರಿಂದಲೇ ಬರುತ್ತೆ. ಕಳ್ಳತನದಲ್ಲಲ್ಲ, ಕಾನೂನುಬದ್ಧವಾಗಿ.

2021ರ ಫೆಬ್ರವರಿ ಚಳಿಗೆ ಗ್ಯಾಸ್ ಬಾವಿಗಳೇ ಹೆಪ್ಪುಗಟ್ಟಿದವು, ಕರೆಂಟ್ ಹೋಯ್ತು, 200ಕ್ಕೂ ಹೆಚ್ಚು ಜನ ಸತ್ತರು. ಬಾವಿಗಳನ್ನ ಚಳಿಗೆ ಸಜ್ಜು ಮಾಡೋದು ಅಲ್ಲಿವರೆಗೆ ಕಡ್ಡಾಯವೇ ಆಗಿರಲಿಲ್ಲ ಕಣ್ರೀ.

ಕಮಿಷನ್ ಹೆಸರು ಬದಲಾಯಿಸೋ ಪ್ರಯತ್ನಗಳು ಶಾಸನಸಭೆಯಲ್ಲಿ ಮತ್ತೆ ಮತ್ತೆ ಬಿದ್ದಿವೆ. ಯಾಕೆ ಬದಲಾಯಿಸ್ತಾರೆ? ಏನು ಕೆಲಸ ಅಂತಲೇ ಗೊತ್ತಾಗದ ಹುದ್ದೆಗೆ ಲೆಕ್ಕ ಕೇಳೋರು ಯಾರು?

ಡಲ್ಲಾಸ್‌ನಲ್ಲೋ ಆಸ್ಟಿನ್‌ನಲ್ಲೋ ಓಟಿರೋ ಅಕ್ಕ, ಮಾವ ಇದ್ರೆ ಇದನ್ನ ಕಳ್ಸಿ. ಆ ಸಾಲು ಖಾಲಿ ಬಿಡ್ಬೇಡಿ ಅನ್ನಿ.