ಬೇವೂ ಬೆಳ್ಳಿಯೂ

ಬಾವಿಯ ಮೆಟ್ಟಿಲಿಗೆ ಹತ್ತಿದ ಪಾಚಿಯು ಬರಿಯ ನೀರೆರಚಿದರೆ ಹೋಗದೆಂಬುದನ್ನು ಗೃಹಿಣಿಯರಿಗೆ ನಾವು ಹೇಳಬೇಕಾದುದಿಲ್ಲ. ತೆಂಗಿನ ನಾರು ಹಿಡಿದು ಉಜ್ಜಿಯೇ ತೀರಬೇಕು. ರೋಗಕಾರಕ ಸೂಕ್ಷ್ಮಜೀವಿಗಳಲ್ಲಿಯೂ ಅನೇಕವು ಹೀಗೆಯೇ ಬಾಳುವುವು. ಒಂದೊಂದಾಗಿ ಅಲೆಯದೆ, ಹಲ್ಲಿನ ಮೇಲೋ, ಹುಣ್ಣಿನ ಮೇಲೋ, ವೈದ್ಯರು ದೇಹದೊಳಕ್ಕೆ ಇಳಿಸಿದ ಕೊಳವೆಯ ಒಳಮೈಯಲ್ಲೋ ಗುಂಪಾಗಿ ನೆಲಸಿ, ತಾವೇ ಸ್ರವಿಸಿದ ಲೋಳೆಯನ್ನು ಹೊದ್ದುಕೊಳ್ಳುವುವು. ಶಾಸ್ತ್ರಜ್ಞರು ಇದನ್ನು ಬಯೋಫಿಲ್ಮ್ ಎನ್ನುವರು, ನಾವು ಜೀವಲೇಪವೆನ್ನೋಣ. ಹಾಲೆಂಡಿನ ಲೇವನ್‌ಹುಕ್ ಎಂಬ ಬಟ್ಟೆಯ ವ್ಯಾಪಾರಿಯು 1683ರಲ್ಲಿಯೇ ತನ್ನ ಹಲ್ಲಿನ ಕೊಳೆಯನ್ನು ತಾನೇ ಅರೆದ ಮಸೂರದಿಂದ ನೋಡಿ ಈ ಜೀವಿಗಳನ್ನು ಕಂಡು ಬೆರಗಾಗಿದ್ದನು.

ಲೇಪದೊಳಗೆ ಅಡಗಿದ ಜೀವಿಗೆ ಔಷಧವು ಸರಿಯಾಗಿ ತಾಗದು. ಮೇಲಾಗಿ, ಬೇಕಾದಾಗಲೂ ಬೇಡವಾದಾಗಲೂ ಅಂಗಡಿಯಿಂದ ತಂದು ನುಂಗಿದ ಆಂಟಿಬಯೋಟಿಕ್ಕುಗಳಿಗೆ ಈಗ ಅನೇಕ ಜೀವಿಗಳು ಜಗ್ಗುವುದೇ ಇಲ್ಲ. 2019ರ ಒಂದೇ ವರ್ಷದಲ್ಲಿ ಇಂತಹ ಜಗ್ಗದ ಬ್ಯಾಕ್ಟೀರಿಯಗಳಿಂದ ಲೋಕದಲ್ಲಿ ಸುಮಾರು 12 ಲಕ್ಷ 70 ಸಾವಿರ ಮಂದಿ ಮೃತರಾದರೆಂದು ಅಂದಾಜು.

ಆದುದರಿಂದಲೇ ಬೇರೆ ಆಯುಧದ ಹುಡುಕಾಟ. ಗ್ರೀಕ್ ಭಾಷೆಯಲ್ಲಿ ‘ನಾನೋಸ್’ ಎಂದರೆ ಕುಳ್ಳ. ನಮ್ಮ ವಾಮನನೆಂದರೂ ಸಲ್ಲುವುದು. ಒಂದು ಮೀಟರನ್ನು 100 ಕೋಟಿ ಪಾಲು ಮಾಡಿದರೆ ಒಂದು ಪಾಲೇ ನ್ಯಾನೋಮೀಟರು. 2004ರಲ್ಲಿ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ಮುರಳಿ ಶಾಸ್ತ್ರಿಯವರೂ ಅವರ ಸಂಗಡಿಗರೂ ಬೇವಿನೆಲೆಯ ಕಷಾಯವನ್ನು ಬೆಳ್ಳಿಯ ಲವಣದ ದ್ರಾವಣಕ್ಕೆ ಬೆರೆಸಿ, ಈ ಅಳತೆಯ ಬೆಳ್ಳಿಯ ಕಣಗಳನ್ನು ಪಡೆದ ವಿವರವನ್ನು ಪ್ರಕಟಿಸಿದರು. ಎಲೆಯ ಸಾರವಸ್ತುಗಳೇ ಲವಣದಿಂದ ಬೆಳ್ಳಿಯನ್ನು ಬಿಡಿಸುವುವು; ಹುಟ್ಟಿದ ಕಣಗಳು ಒಂದಕ್ಕೊಂದು ಅಂಟಿ ಗಡ್ಡೆಕಟ್ಟದಂತೆ ಸುತ್ತಲೂ ಕವಚವಾಗಿಯೂ ನಿಲ್ಲುವುವು. ದ್ರಾವಣವು ಕಂದುಬಣ್ಣಕ್ಕೆ ತಿರುಗುವುದೇ ಕುರುಹು. ತುಲಸಿ, ಅರಿಸಿನ, ಲೋಳೆಸರಗಳಿಂದಲೂ ಹೀಗೆಯೇ ಮಾಡಿರುವರು.

ಆಂಟಿಬಯೋಟಿಕ್ಕು ಸಾಮಾನ್ಯವಾಗಿ ಜೀವಿಯ ಯಾವುದೋ ಒಂದು ಮರ್ಮಕ್ಕೆ ಗುರಿಯಿಟ್ಟು ಹೊಡೆಯುವುದು. ಆ ಮರ್ಮವನ್ನೇ ಜೀವಿಯು ಮಾರ್ಪಡಿಸಿಕೊಂಡರೆ ಬಾಣ ವ್ಯರ್ಥ. ಬೆಳ್ಳಿಯಾದರೋ ಹೊರಪೊರೆಯನ್ನು ಕೆಡಿಸಿ, ಒಳಗಿನ ಪ್ರೋಟೀನುಗಳಿಗೂ ಅಂಟಿ, ಏಕಕಾಲದಲ್ಲಿ ಹಲವೆಡೆ ಹೊಡೆಯುವುದು. ಕಣವು ತೀರ ಕಿರಿದಾದರೆ ಲೋಳೆಯೊಳಕ್ಕೂ ನುಸುಳಬಲ್ಲುದು.

ಹಾಗೆಂದು ಬೆಳ್ಳಿಗೆ ಎದುರೇ ಇಲ್ಲವೆನ್ನಲಾಗದು. ಅಮೆರಿಕದ ಬೋಸ್ಟನ್ನಿನಲ್ಲಿ ಸುಟ್ಟಗಾಯದ ರೋಗಿಗಳ ನಡುವೆ, ಬೆಳ್ಳಿಯ ಲವಣಕ್ಕೂ ಎರಡು ಆಂಟಿಬಯೋಟಿಕ್ಕುಗಳಿಗೂ ಜಗ್ಗದ ಸಾಲ್ಮೊನೆಲ್ಲ ಜೀವಿಯು ತಲೆಯೆತ್ತಿದ ಸಂಗತಿ 1975ರಲ್ಲಿಯೇ ಅಚ್ಚಾಗಿದೆ. ಎಲೆಯ ಸಾರವೂ ಋತು, ಮಣ್ಣುಗಳನ್ನನುಸರಿಸಿ ಬದಲಾಗುವುದರಿಂದ ಒಂದು ಸಲ ಬಂದಂತಹ ಕಣವು ಇನ್ನೊಂದು ಸಲ ಬಾರದು. ಪ್ರಯೋಗಗಳೂ ಬಹುಪಾಲು ಗಾಜಿನ ತಟ್ಟೆಗಳಲ್ಲಿ ನಡೆದುವೇ ಹೊರತು ರೋಗಿಯ ಮೈಯಲ್ಲಲ್ಲ.

ಬೇವಿನ ಕಷಾಯದಲ್ಲಿ ಬೆಳ್ಳಿಯ ಬಟ್ಟಲನ್ನು ಕುದಿಸಿದರೆ ಈ ಔಷಧವಾಗದೆ ಎಂದು ಕೇಳುವವರುಂಟು. ಆಗದು, ಲೋಹದ ಬಟ್ಟಲು ಕರಗಿದ ಲವಣವಲ್ಲ. ಬೆಳ್ಳಿಯ ನೀರೆಂದು ಸೀಸೆಗಳಲ್ಲಿ ಮಾರುವುದನ್ನು ಬಹುಕಾಲ ಕುಡಿದವರ ಚರ್ಮವು ಮತ್ತೆ ತಿಳಿಯಾಗದಂತೆ ನೀಲಿಬೂದಿಯ ಬಣ್ಣಕ್ಕೆ ತಿರುಗಿದುದುಂಟು. ಜ್ವರವೇರಿದ ಮಗುವಿಗೆ ಅದನ್ನೇ ಒಂದು ಚಮಚ ಕುಡಿಸಿ, ವೈದ್ಯರಲ್ಲಿಗೆ ಹೋಗುವುದನ್ನು ನಾಳೆಗೆ ತಳ್ಳುವ ತಂದೆತಾಯಿಗಳನ್ನು ನೆನೆದರೆ ನಮಗೆ ನಿಜವಾಗಿಯೂ ಭಯವಾಗುವುದು.