ನಾಚಿಕೆ ಯಾರಿಗೆ?

ಹಳ್ಳಿಯ ಜನ ತಾವೇ ಸೇರಿ ಬಯಲಿಗೆ ಕೂರುವ ರೂಢಿ ಬಿಡಬೇಕು ಅನ್ನೋ ಚಳವಳಿಯೊಂದು ಬಾಂಗ್ಲಾದೇಶದಲ್ಲಿ ಹುಟ್ಟಿತು. 2000ದ ಸುಮಾರಿಗೆ ರಾಜಶಾಹಿ ಜಿಲ್ಲೆಯ ಮೊಸ್ಮೊಯಿಲ್ ಎಂಬ ಹಳ್ಳಿಯಲ್ಲಿ ಕಮಲ್ ಕರ್ ಇದನ್ನು ಶುರು ಮಾಡಿದರು. ಜನರೇ ನೆಲದ ಮೇಲೆ ಊರಿನ ನಕ್ಷೆ ಬಿಡಿಸುತ್ತಾರೆ. ಯಾರು ಎಲ್ಲಿ ಕೂರುತ್ತಾರೆಂದು ಗುರುತು ಹಾಕುತ್ತಾರೆ. ಅದೇ ಹೇಲು ನೊಣದ ಕಾಲಿಗಂಟಿ ತಮ್ಮ ಅನ್ನಕ್ಕೇ ಬರ್ತದೆ ಅಂತ ತಿಳಿದು ಹೇಸುತ್ತಾರೆ. ಸರ್ಕಾರದ ದುಡ್ಡಿಗೆ ಕಾಯದೆ ಗುಂಡಿ ತೋಡುತ್ತಾರೆ. ಭೇದಿಯಿಂದ ಮಕ್ಕಳು ಸಾಯೋದು ನಿಲ್ಲಬೇಕಾದರೆ ಇಂಥ ಕೆಲಸ ಬೇಕು. ಅದು ಜನರ ಕೈಯಲ್ಲೇ ಇರೋದು ಇನ್ನೂ ಒಳ್ಳೆಯದು.

ಆದರೆ ನಮ್ಮಲ್ಲಿ 'ಜನ' ಅಂದರೆ ಯಾರು? ಊರು ಬೇರೆ, ಕೇರಿ ಬೇರೆ. ಊರಿನವರಿಗೆ ಹಿತ್ತಲುಂಟು, ಬಾವಿಯುಂಟು. ಕೇರಿಯಲ್ಲಿ ಗೋಡೆಗೆ ಗೋಡೆ ಅಂಟಿದ ಗುಡಿಸಲು. ಗುಂಡಿ ಎಲ್ಲಿ ತೋಡೋದು? ನಾಚಿಕೆ ಕಲಿಸೋಕೆ ಬರೋರು ಮಾತ್ರ ಮೊದಲು ಕೇರಿಗೇ ಬರ್ತಾರೆ. 2019ರ ಸೆಪ್ಟೆಂಬರ್ 25ರಂದು ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಭಾವ್‌ಖೇಡಿಯಲ್ಲಿ ಬಯಲಿಗೆ ಕೂತಿದ್ದ ಇಬ್ಬರು ದಲಿತ ಮಕ್ಕಳನ್ನು ಬಡಿದು ಕೊಂದರು. ಅದಾದ ಒಂದೇ ವಾರಕ್ಕೆ, ಅಕ್ಟೋಬರ್ 2ರಂದು, ದೇಶದ ಹಳ್ಳಿಗಳೆಲ್ಲ ಬಯಲು ಶೌಚದಿಂದ ಮುಕ್ತವಾದವು ಎಂದು ಸಾರಲಾಯಿತು!

ಇನ್ನೊಂದು ಪ್ರಶ್ನೆ. ಕಟ್ಟಿದ ಕಕ್ಕಸಿನ ಗುಂಡಿ ತುಂಬಿದರೆ ಬಳಿಯೋರು ಯಾರು? ಎರಡು ಗುಂಡಿಯ ಕಕ್ಕಸಿನಲ್ಲಿ ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಬೇಕು. ತುಂಬಿದ್ದನ್ನು ಮುಚ್ಚಿ ಒಂದೆರಡು ವರ್ಷ ಬಿಟ್ಟರೆ ಅದು ಮಣ್ಣಿನಂಥ ಗೊಬ್ಬರವಾಗ್ತದೆ. ಮನೆಯವರೇ ಸಲಿಕೆ ಹಿಡಿದು ತೆಗೆಯಬಹುದು. ತಿಪ್ಪೆ ಗೊಬ್ಬರ ಹೊಲಕ್ಕೆ ಹೊಡೆಯೋ ಕೈಗೆ ಈ ಗೊಬ್ಬರ ಯಾಕೆ ಮೈಲಿಗೆ? ಗುಂಡಿ ತುಂಬಿದ ಕೂಡಲೆ ಕೇರಿಯ ಕಡೆ ಆಳು ಯಾಕೆ ಓಡ್ತಾನೆ?

ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಂತ್ರಿಯಾಗಿದ್ದಾಗಲೇ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಹೊರಟರು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಬಂಧುಗಳು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ನಡುವೆ 1993ರಲ್ಲಿ ಕಾನೂನು ಬಂದಿತ್ತು. ಆಮೇಲೆ 2013ರಲ್ಲಿ ಇನ್ನೊಂದು ಬಂತು. ನಡತೆ ಬದಲಾಗಬೇಕಾದದ್ದು ಯಾರದು, ನೀವೇ ಹೇಳಿ.

ಹಾಸ್ಟೆಲಿನ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಗ್ರಾಮಸಭೆಗೆ ಹೋಗಿ. ಹಿಂದೆ ಕೂರಬೇಡಿ. ಊರಿನ ನಕ್ಷೆ ಬರೆಯುವಾಗ ಕೇರಿಯನ್ನೂ ಬರೆಸಿ. ಎದ್ದು ನಿಂತು ಮೂರು ಮಾತು ಕೇಳಿ: ಕೇರಿಗೆ ಜಾಗ ಎಲ್ಲಿ? ನೀರು ಎಲ್ಲಿ? ನಿಮ್ಮ ಗುಂಡಿ ನೀವೇ ಬಳೀತೀರಾ?

ಉತ್ತರ ಬರುವ ತನಕ ಕೂರಬೇಡಿ.