ಮೀನನ್ನು ಲೆಕ್ಕಕ್ಕಿಡದ ನದಿ ಪರೀಕ್ಷೆ

ಕಪಿಲೆಯ, ಅಂದರೆ ಕಬಿನಿಯ, ನೀರು ಕೆಟ್ಟಿದೆಯೋ ಇಲ್ಲವೋ ಎಂಬ ವಾದ ಮುಗಿದು ವರ್ಷಗಳೇ ಆದವು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ ನದಿಗಳ 351 ಕಲುಷಿತ ಭಾಗಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ಕರ್ನಾಟಕದ ಪಾಲು 17. ನಂಜನಗೂಡಿನ ಕಬಿನಿಯೂ ಅದರಲ್ಲಿತ್ತು, ಕಾವೇರಿಯೂ ಇತ್ತು. ಈ ಎರಡೂ ನದಿಗಳು ತಿ.ನರಸೀಪುರದಲ್ಲಿ ಕೂಡುತ್ತವೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ವಯಂಪ್ರೇರಿತ ಪ್ರಕರಣ ದಾಖಲಿಸಿಕೊಂಡು, ಇಂಥ ನದಿಗಳನ್ನು ಕನಿಷ್ಠ ಸ್ನಾನಕ್ಕಾದರೂ ಯೋಗ್ಯವಾಗಿಸುವ ಕ್ರಿಯಾಯೋಜನೆ ಸಿದ್ಧಪಡಿಸಿ ಎಂದು ರಾಜ್ಯಗಳಿಗೆ ಆದೇಶಿಸಿತು. ಅಂದಿನ ಗಡುವುಗಳೆಲ್ಲ ಮುಗಿದಿವೆ. ನಂಜನಗೂಡಿನ ಸ್ನಾನಘಟ್ಟದಲ್ಲಿ ಮುಳುಗೆದ್ದವರು ಬಿಟ್ಟುಹೋದ ಬಟ್ಟೆ, ಶಾಂಪೂ ಪೊಟ್ಟಣಗಳು ಮಾತ್ರ ಇನ್ನೂ ನೀರಿನಲ್ಲಿವೆ.

ಆಡಳಿತ ಸೋತಿದೆ. ಆ ಸೋಲು ಶುರುವಾಗುವುದು ನದಿಯನ್ನು ಅಳೆಯುವ ಕ್ರಮದಲ್ಲಿಯೇ. ನದಿಯಲ್ಲಿ ಮೀಯುವವರ ಯೋಗಕ್ಷೇಮವನ್ನು ಅಳೆಯುತ್ತೇವೆ, ನದಿಯಲ್ಲೇ ಬದುಕುವ ಜೀವಿಗಳನ್ನು ಕೈಬಿಟ್ಟಿದ್ದೇವೆ. ಕೇಂದ್ರ ಮಂಡಳಿಯ ವರ್ಗೀಕರಣವೇ ಇದಕ್ಕೆ ಸಾಕ್ಷಿ. ಸ್ನಾನದ ನೀರಿಗೆ ‘ಬಿ’ ದರ್ಜೆ: ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ಬಿಒಡಿ, ಅಂದರೆ ಕೊಳೆಯನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, 3 ಮಿಲಿಗ್ರಾಂ ಮೀರಬಾರದು, ಕೋಲಿಫಾರ್ಮ್ ಬ್ಯಾಕ್ಟೀರಿಯಾಕ್ಕೂ ಮಿತಿಯುಂಟು. ಮೀನುಗಾರಿಕೆಗೆ ‘ಡಿ’ ದರ್ಜೆ: ಪಿಎಚ್, 4 ಮಿಲಿಗ್ರಾಂ ಆಮ್ಲಜನಕ ಮತ್ತು ಅಮೋನಿಯ, ಇಷ್ಟೇ. ಕೀಟನಾಶಕದ ಮಾತಿಲ್ಲ, ಭಾರಲೋಹದ ಮಾತಿಲ್ಲ. ದಿನಕ್ಕೊಮ್ಮೆ ಮುಳುಗಿ ಏಳುವವನಿಗೆ ಸಿಕ್ಕ ರಕ್ಷಣೆ ಹುಟ್ಟಿನಿಂದ ಸಾವಿನವರೆಗೆ ಅದೇ ನೀರನ್ನು ಉಸಿರಾಡುವ ಜೀವಿಗೆ ಸಿಕ್ಕಿಲ್ಲ.

ಮಾದರಿ ಸಂಗ್ರಹಿಸುವ ಹೊತ್ತನ್ನೂ ಪ್ರಶ್ನಿಸಬೇಕು. ಕೊಳಚೆಯ ಗೊಬ್ಬರ ಉಂಡು ಪಾಚಿ ಬೆಳೆದ ನಿಧಾನ ನೀರಿನಲ್ಲಿ ಹಗಲೆಲ್ಲ ಆಮ್ಲಜನಕ ಏರುತ್ತದೆ. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ ಆಮ್ಲಜನಕವನ್ನು ಹೀರತೊಡಗುತ್ತದೆ, ಕೊಳೆಯುವ ಕಸವೂ ಹೀರುತ್ತದೆ. ಕೋಳಿ ಕೂಗುವ ಹೊತ್ತಿಗೆ ಮಟ್ಟ ತಳ ಕಾಣುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆಯುವುದು, ಕೊನೆಗೆ ಹೊಟ್ಟೆ ಮೇಲಾಗಿ ತೇಲುವುದು ಆಗಲೇ. ತಿಂಗಳಿಗೊಮ್ಮೆ, ಬಿಸಿಲೇರಿದ ಮೇಲೆ ತುಂಬಿಸಿದ ಶೀಸೆಯಲ್ಲಿ ಆ ರಾತ್ರಿಯ ಸುಳಿವೇ ಇರುವುದಿಲ್ಲ. ವರದಿಯಲ್ಲಿ ಆಮ್ಲಜನಕ ಸರಿಯಾಗಿರುತ್ತದೆ, ದಡದಲ್ಲಿ ಮೀನು ಸತ್ತು ಬಿದ್ದಿರುತ್ತದೆ.

ಇದೇ ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಅವರ ಗಾಳಕ್ಕೆ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಬಿದ್ದಿತ್ತು. ಕಾವೇರಿ ಕೊಳ್ಳ ಬಿಟ್ಟರೆ ಬೇರೆಲ್ಲೂ ಇಲ್ಲದ, ಬೆನ್ನು ಉಬ್ಬಿದ ಆ ಮೀನಿಗೆ ವಿಜ್ಞಾನದ ಖಚಿತ ಹೆಸರು ದೊರೆತದ್ದು 2018ರಲ್ಲಿ: ಟಾರ್ ರೆಮಾದೇವಿ. ಹೆಸರು ಗೊತ್ತಾಗುವಷ್ಟರಲ್ಲಿ ಅದು ಅಳಿವಿನ ಅಂಚು ಮುಟ್ಟಿತ್ತು. ಈಗ ಅದು ತೀವ್ರ ಅಳಿವಿನಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು, ಮಾಲಿನ್ಯಗಳ ಜೊತೆಗೆ ಇನ್ನೊಂದು ಕಾರಣವೂ ಉಂಟು. ಮೀನು ಸಂಪತ್ತು ಹೆಚ್ಚಿಸುತ್ತೇವೆಂದು ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ತಂದು ಬಿಟ್ಟರು. 1998ರಿಂದ 2012ರವರೆಗಿನ ಗಾಳಗಾರರ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನ, ಹೊರಗಿನದು ಹೆಚ್ಚುತ್ತಾ ಹೋದಂತೆ ಮೂಲನಿವಾಸಿ ಕಣ್ಮರೆಯಾದದ್ದನ್ನು ತೋರಿಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ ಇದು.

ವಿಜ್ಞಾನಿಗಳು ಎಚ್ಚರಿಸಿಲ್ಲ ಎಂದು ನುಣುಚಿಕೊಳ್ಳುವಂತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಪೇಂದ್ರ ನೊಂಗ್ತೊಂಬ ಅವರ ತಂಡ ಕೃಷ್ಣರಾಜಸಾಗರ ಜಲಾಶಯದ ನೀರನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಹೊರಗಿಟ್ಟಿತು. ನಿಧಾನವಾಗಿ ಹರಿಯುವ ಮತ್ತು ನಿಂತ ನೀರಿಗೆ ಒಡ್ಡಿದ ಜೀಬ್ರಾ ಮೀನಿನ ಭ್ರೂಣಗಳಲ್ಲಿ ಮೂಳೆ ವಿಕಾರ, ಡಿಎನ್ಎ ಹಾನಿ, ಹೃದಯದ ತೊಂದರೆ ಕಂಡವು. ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದ ಮೇಲೂ ತೊಂದರೆ ನಿಲ್ಲಲಿಲ್ಲ. ನೀರಿನಲ್ಲಿ ಮೈಕ್ರೋಪ್ಲಾಸ್ಟಿಕ್ ಪತ್ತೆಯಾಯಿತು. ಸಂಗಮಕ್ಕೆ ಬರುವ ಕಾವೇರಿಯ ಮೇಲ್ದಂಡೆಯ ಸ್ಥಿತಿಯೇ ಹೀಗಿರುವಾಗ, ಕೈಗಾರಿಕಾ ಪ್ರದೇಶವನ್ನೂ ಎರಡು ಪಟ್ಟಣಗಳನ್ನೂ ದಾಟಿ ಬರುವ ಕಪಿಲೆಯನ್ನು ಅದೇ ಪರೀಕ್ಷೆಗೆ ಒಡ್ಡುವುದು ಸರ್ಕಾರದ ಕರ್ತವ್ಯ.

ಕರಾವಳಿಯಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಸಿಬ್ಬಂದಿ ಬಂದರುಗಳಿಗೇ ಹೋಗಿ, ಯಾವ ಜಾತಿಯ ಮೀನು ಎಷ್ಟು ಬಂತೆಂದು ದಶಕಗಳಿಂದ ಅಂದಾಜು ಮಾಡುತ್ತಿದ್ದಾರೆ. ಬೂತಾಯಿ ಕಡಿಮೆಯಾದರೆ ಮಂಗಳೂರಿನಲ್ಲಿ ಅದು ಸುದ್ದಿಯಾಗುತ್ತದೆ. ಸಂಗಮದ ಹರಿಗೋಲಿನಲ್ಲಿ ಕೊರವ, ಗೆಂಡೆ ಕಡಿಮೆಯಾಗಿ ಬರೀ ಜಿಲೇಬಿ ಮೀನು ತುಂಬಿದರೆ ಬರೆದಿಡುವವರಾರು? ನದಿ ಮೀನುಗಾರ ಬಡವ, ಅವನ ಬುಟ್ಟಿ ಚಿಕ್ಕದು ಎಂಬ ಕಾರಣಕ್ಕೆ ಅವನ ನಷ್ಟ ದಾಖಲೆಗೇ ಸೇರದಿರುವುದು ಅನ್ಯಾಯ.

ಇದು ಎರಡು ತಾಲ್ಲೂಕಿನ ಗೋಳೆಂದು ಬೆಂಗಳೂರೂ ಸುಮ್ಮನಿರಬಾರದು. ರಾಜಧಾನಿಯ ಕಾವೇರಿ ನೀರನ್ನು ಎತ್ತುವುದು ಸಂಗಮದಿಂದ ಕೆಳಗೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತಕ್ಕೂ ಅದೇ ನದಿಯೇ ಆಧಾರ. ಕಪಿಲೆಯ ಮೀನು ತಾಳಲಾರದ್ದನ್ನು ಶುದ್ಧೀಕರಣ ಘಟಕ ತಾಳಿಕೊಳ್ಳುತ್ತದೆ ಎಂಬ ಭರವಸೆಯ ಮೇಲೆ ಮಹಾನಗರದ ಆರೋಗ್ಯವನ್ನು ಕಟ್ಟಲಾಗದು.

ಆಗಬೇಕಾದದ್ದು ಸ್ಪಷ್ಟ. ನಂಜನಗೂಡಿನ ಮೇಲೆ, ಕೆಳಗೆ ಮತ್ತು ಸಂಗಮದಲ್ಲಿ ಹಗಲೂ ರಾತ್ರಿ ಆಮ್ಲಜನಕ ಅಳೆಯುವ ಯಂತ್ರಗಳನ್ನು ಹಾಕಿ, ಅಂಕಿಗಳನ್ನು ಅದೇ ದಿನ ಜನರಿಗೆ ತೋರಿಸಬೇಕು. ತಳದ ಹುಳುಹುಪ್ಪಟೆಗಳನ್ನು ನೋಡಿ ನದಿಯ ಆರೋಗ್ಯ ಹೇಳುವ ಜೈವಿಕ ಮಾನದಂಡ ಕೇಂದ್ರ ಮಂಡಳಿಯ ಬಳಿಯೇ ಇದೆ, ಅದನ್ನು ಕಪಿಲೆಯಲ್ಲಿ ಪ್ರತಿ ಋತುವಿನಲ್ಲೂ ಬಳಸಬೇಕು. ಮೀನುಗಾರಿಕೆ ಇಲಾಖೆ ಮೈಸೂರು ವಿಶ್ವವಿದ್ಯಾನಿಲಯದೊಂದಿಗೆ ಸೇರಿ, ಬಲೆ ಬೀಸುವವರಿಗೆ ಸಂಭಾವನೆ ಕೊಟ್ಟು, ಮೀನಿನ ಜಾತಿವಾರು ದಾಖಲೆ ಇಡಬೇಕು. ಆ ದಾಖಲೆ ಕೈಸೇರುವವರೆಗೆ ಹೊರಗಿನ ಯಾವ ಮರಿಯನ್ನೂ ಈ ನೀರಿಗೆ ಬಿಡಬಾರದು. ಸಂಸ್ಕರಿಸದ ಒಂದು ಹನಿ ಕೊಳಚೆಯೂ ನದಿಗಿಳಿಯದಂತೆ ನೋಡಿಕೊಳ್ಳುವ ಹೊಣೆಯನ್ನು ಹೆಸರು ಹಿಡಿದು ಅಧಿಕಾರಿಗೆ ವಹಿಸಬೇಕು, ತಪ್ಪಿದರೆ ದಂಡ ಅವರ ಸಂಬಳದಿಂದ ಹೋಗಬೇಕು.

ತಿ.ನರಸೀಪುರದಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳ 2025ರ ಫೆಬ್ರುವರಿಯಲ್ಲಿ ನಡೆಯಿತು. ಮೂರು ವರ್ಷದ ಲೆಕ್ಕದಂತೆ ಮುಂದಿನದು 2028ಕ್ಕೆ. ಅದೇ ಕೊನೆಯ ಗಡುವಾಗಲಿ. ಮೇಳಕ್ಕೆ ಮೊದಲು ಮೀನಿನ ಆರೋಗ್ಯವೂ ಸೇರಿದ ಪೂರ್ಣ ವರದಿ ಸಂಗಮದ ದಡದಲ್ಲೇ ಪ್ರಕಟವಾಗಬೇಕು. ಅದಿಲ್ಲದೆ ಲಕ್ಷಾಂತರ ಜನರನ್ನು ಪುಣ್ಯಸ್ನಾನಕ್ಕೆ ಆಹ್ವಾನಿಸುವ ನೈತಿಕ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ.